ದೂರಕ್ಕೊಂದು ಕಣ್ಣು, ಹತ್ತಿರಕ್ಕೊಂದು ಕಣ್ಣು

ಮನೆಯಲ್ಲಿ ನನ್ನನ್ನು ಬುಗುರಿ ಎಂದೇ ಕರೆಯುತ್ತಾರೆ. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ ಎಂದು ಅಮ್ಮ ಇಟ್ಟ ಹೆಸರು. ಆದರೆ ನಮ್ಮ ಅಂಗಡಿಯಲ್ಲಿ ತಿರುಗದೆ ಇದ್ದರೆ ಕೆಲಸ ನಡೆಯುವುದಾದರೂ ಹೇಗೆ? ಬಾಗಿಲಲ್ಲಿ ಗಿರಾಕಿ, ಒಳಗೆ ಕಿಟಕಿಯ ಪಕ್ಕ ಅಪ್ಪ, ನಡುವೆ ಇಸ್ತ್ರಿ ಮೇಜಿನ ಹತ್ತಿರ ಅಮ್ಮ. ಈ ಮೂವರ ನಡುವೆ ಬಟ್ಟೆಯನ್ನೂ ಮಾತನ್ನೂ ಹೊತ್ತುಕೊಂಡು ಓಡಾಡುವವಳು ನಾನೊಬ್ಬಳೇ. ಮದುವೆಯಾಗಿ ಎರಡು ಬೀದಿ ಆಚೆ ಹೋದೆ, ಆದರೂ ಬೆಳಗಾದರೆ ಇಲ್ಲೇ ಹಾಜರು. ಬುಗುರಿ ನಮ್ಮ ಮನೆಯಲ್ಲಿದ್ದರೂ ಚಾಟಿ ಇರುವುದು ತವರಲ್ಲೇ ಎಂದು ನನ್ನ ಗಂಡ ತಮಾಷೆ ಮಾಡುತ್ತಾನೆ.

ನಮ್ಮದು ರಫೂ ಅಂಗಡಿ. ಕೋಟಿಗೆ ಸಿಗರೇಟಿನ ಕಿಡಿ ಬಿದ್ದಿದೆ, ಶಾಲನ್ನು ನುಸಿ ತಿಂದಿದೆ, ಒಳ್ಳೆಯ ಪ್ಯಾಂಟು ಮೊಳೆಗೆ ಸಿಕ್ಕಿ ಹರಿದಿದೆ ಎಂದರೆ ಜನ ನಮ್ಮಲ್ಲಿಗೆ ಬರುತ್ತಾರೆ. ತೇಪೆ ಹಾಕುವವರಲ್ಲ ನಾವು. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ತೂತಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ಮತ್ತೆ ನೇಯ್ದು ಮುಚ್ಚುತ್ತೇವೆ. ನಾವು ಅಂದರೆ ಅಪ್ಪ. ಕೆಲಸ ಮುಗಿದ ಮೇಲೆ ತೂತು ಎಲ್ಲಿತ್ತು ಎಂದು ಬಟ್ಟೆಯ ಯಜಮಾನನೇ ತಡಕಾಡಬೇಕು. ಅಮ್ಮ ಇಸ್ತ್ರಿ ಹಾಕಿ, ಬೆಳಕಿಗೆ ಹಿಡಿದು, "ಕಾಣೋದೇ ಇಲ್ಲ ರೀ" ಎನ್ನುತ್ತಾಳೆ. ನಮ್ಮ ಅಂಗಡಿಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಅಪ್ಪನಿಗೆ ಚಿಕ್ಕಂದಿನಿಂದಲೂ ದೂರದ್ದು ಕಾಣದು. ಸೋಡಾ ಬಾಟಲಿಯ ತಳದಂಥ ಕನ್ನಡಕ. ಕೆಲಸಕ್ಕೆ ಕೂತರೆ ಆ ಕನ್ನಡಕ ಹಣೆಗೆ ಏರುತ್ತದೆ, ಬಟ್ಟೆ ಮೂಗಿನ ತುದಿಗೆ ಬರುತ್ತದೆ. ಬೇರೆಯವರು ಭೂತಗನ್ನಡಿ ಹಿಡಿದು ಹುಡುಕುವ ಎಳೆ ಅವರಿಗೆ ಬರಿಗಣ್ಣಿಗೇ ಸಿಗುತ್ತದೆ. "ನಿಮ್ಮಪ್ಪ ಮೂಗಲ್ಲೇ ಹೊಲೀತಾರೆ" ಎಂದು ಗಿರಾಕಿಗಳು ನಗುತ್ತಾರೆ. ಆದರೆ ಹಾಗೆ ಕನ್ನಡಕ ಹಣೆಗೇರಿದಾಗ ಒಂದು ಗೇಣಿನ ಆಚೆಗಿನ ಪ್ರಪಂಚ ಅವರ ಪಾಲಿಗೆ ಇಲ್ಲ. ಇಸ್ತ್ರಿ ಮೇಜಿನ ಹತ್ತಿರ ನಿಂತ ಅಮ್ಮ ಅವರಿಗೆ ಒಂದು ಬಣ್ಣದ ಮುದ್ದೆ, ಅಷ್ಟೇ.

ಹೀಗಾಗಿ ನಮ್ಮಲ್ಲೊಂದು ಕೈಭಾಷೆ ಹುಟ್ಟಿಕೊಂಡಿತ್ತು. ಅಪ್ಪನಿಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ. ಮಾತಿಗೆ ಮಾತು ಬೆಳೆಸುವ ಬದಲು ಅಮ್ಮ ಅವರ ಎದುರಿಗೇ ಕೆನ್ನೆ ತಟ್ಟಿಕೊಂಡರೆ, ಇವತ್ತು ಇವರು ಸರಿಯಿಲ್ಲ, ಸುಮ್ಮನಿರು ಎಂದು ಅರ್ಥ. ಕಿವಿ ಹಿಡಿದುಕೊಂಡರೆ ಕೆಲಸ ಇನ್ನೂ ಮುಗಿದಿಲ್ಲ, ಗಿರಾಕಿಗೆ ಏನಾದರೂ ಸಬೂಬು ಹೇಳಿ ಸಾಗಹಾಕು ಎಂದು. ನಾನು ತೊದಲು ಮಾತು ಕಲಿಯುವಾಗಲೇ ಇದನ್ನೂ ಕಲಿತೆ. ಅಪ್ಪ ಮೂರು ಹೆಜ್ಜೆ ದೂರದಲ್ಲಿ ಕೂತು ಬಟ್ಟೆಗೆ ಮೂಗು ಹಚ್ಚಿರುತ್ತಿದ್ದರು, ಅವರ ತಲೆಯ ಮೇಲಿಂದ ನಮ್ಮ ಸಂಸಾರ ನಡೆದುಹೋಗುತ್ತಿತ್ತು. ಇದರಲ್ಲಿ ಕೇಡೇನೂ ಇರಲಿಲ್ಲ. ಕಣ್ಣಿಗೆ ಪೊರೆ ಬರುವವರೆಗೆ ಇರಲಿಲ್ಲ.

ಪೊರೆ ಬಂತು ಎಂದು ನಮಗೆ ಗೊತ್ತಾಗಲೇ ಇಲ್ಲ. ಬಲ್ಬು ಸರಿಯಿಲ್ಲ ಎಂದು ಅಪ್ಪ ಬಲ್ಬು ಬದಲಾಯಿಸಿದರು. ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ಮೇಜನ್ನು ಇತ್ತ ತಿರುಗಿಸಿದರು, ಅತ್ತ ತಿರುಗಿಸಿದರು. ಕಡುನೀಲಿ ನೂಲನ್ನು ಕಪ್ಪಿನ ಡಬ್ಬಿಗೆ ಬೆರೆಸಿದ್ದೀಯ ಎಂದು ನೂಲಿನ ಅಂಗಡಿಯವನ ಮೇಲೆ ಹರಿಹಾಯ್ದರು. ಪಾಪ, ಬೆರೆಸಿದವರು ಇವರೇ. ಕನ್ನಡಕದ ನಂಬರು ಒಂದು ಸಲ ಏರಿತು, ಇನ್ನೊಂದು ಸಲ ಏರಿತು. ಮೂರನೆಯ ಸಲ ಹೋದಾಗ ಕನ್ನಡಕದ ಅಂಗಡಿಯವನು ಟಾರ್ಚು ಬಿಟ್ಟು ನೋಡಿ ಕೈಚೆಲ್ಲಿದ. "ಗಾಜು ಬದಲಾಯಿಸಿ ಪ್ರಯೋಜನ ಇಲ್ಲ ಯಜಮಾನರೇ, ಒಳಗೆ ಪೊರೆ ಬೆಳೆದಿದೆ. ಆಸ್ಪತ್ರೆಗೆ ಹೋಗಿ." ಅಪ್ಪ ಹೋಗಲಿಲ್ಲ. ಅವನಿಗೆ ಗಾಜು ಮಾರೋಕೂ ಬರಲ್ಲ ಎಂದುಬಿಟ್ಟರು.

ಆ ಹೊತ್ತಿಗೆ ಅವರ ಕೆಲಸ ಕೆಟ್ಟಿತ್ತು. ಎಳೆ ಎಲ್ಲೋ ತಪ್ಪುತ್ತಿತ್ತು, ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಒಂದು ಸಂಜೆ ಅಮ್ಮ ಟೀಚರಮ್ಮನ ಬೂದು ಶಾಲನ್ನು ಬೆಳಕಿಗೆ ಹಿಡಿದಳು. ರಫೂ ಹಾಕಿದ ಜಾಗ ಗಾಯ ಒಣಗಿದ ಹಾಗೆ ಎದ್ದು ಕಾಣುತ್ತಿತ್ತು. ಬಾಯಲ್ಲಿ ಮಾತ್ರ ಎಂದಿನಂತೆ, "ಕಾಣೋದೇ ಇಲ್ಲ ರೀ!" ಅಂದಳು. ಅದೇ ಕ್ಷಣ ನನ್ನ ಕಡೆ ತಿರುಗಿ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದಳು. ಆಮೇಲೆ ಹೆಬ್ಬೆರಳು ಸೇತುವೆಯ ಕಡೆಗೆ. ಬಿಚ್ಚುತ್ತೇನೆ, ಎಡಚನ ಹತ್ತಿರ ತಗೊಂಡು ಹೋಗು.

ಎಡಚ ಅಪ್ಪನ ಬಳಿ ಕೆಲಸ ಕಲಿತವನು. ಎಡಗೈಯಲ್ಲಿ ಸೂಜಿ ಹಿಡಿಯುತ್ತಾನೆಂದು ಆ ಹೆಸರು. ಒಂದು ದಿನ ಹೇಳದೆ ಕೇಳದೆ ಹೋಗಿ ಸೇತುವೆಯ ಆಚೆ ತನ್ನದೇ ಅಂಗಡಿ ಇಟ್ಟ. ಅಂದಿನಿಂದ ಅಪ್ಪನ ಮುಂದೆ ಅವನ ಹೆಸರು ಎತ್ತುವ ಹಾಗಿಲ್ಲ. ಅಂಥವನ ಬಳಿಗೆ ಅಮ್ಮ ನನ್ನನ್ನು ಕಳಿಸಿದಳು. ಅವನು ಏನೂ ಕೇಳಲಿಲ್ಲ, ಶಾಲು ತೆಗೆದುಕೊಂಡು ಕೆಲಸ ಮಾಡಿ ಕೊಟ್ಟ. ಟೀಚರಮ್ಮ ಬಂದು ಅಪ್ಪನನ್ನು ಬಾಯಿತುಂಬ ಹೊಗಳಿ ಹೋದಳು. ಅಪ್ಪನ ಮುಖ ಅರಳಿತು. "ನೋಡಿದ್ಯಾ, ಆ ಕನ್ನಡಕದವನು ಏನೇನೋ ಅಂದ" ಎಂದರು.

ಅಂದಿನಿಂದ ಅದೇ ನಡೆಯಿತು. ಅಪ್ಪ ನೇಯುವುದು, ಅಮ್ಮ ಅವರು ಊಟಕ್ಕೆ ಎದ್ದಾಗ ಬಿಚ್ಚುವುದು, ನಾನು ಸೇತುವೆ ದಾಟುವುದು. ನನಗಂತೂ ಬೆಂಕಿಯ ಮೇಲೆ ನಿಂತ ಹಾಗಾಗುತ್ತಿತ್ತು. "ಅಮ್ಮ, ಹೇಳಿಬಿಡೋಣ. ಆಪರೇಷನ್ ಮಾಡಿಸಿದರೆ ಸರಿ ಹೋಗುತ್ತೆ ಅಂತಾರೆ" ಅಂದರೆ ಅವಳು ನನ್ನ ಮೇಲೇ ರೇಗುತ್ತಿದ್ದಳು. "ಏನಂತ ಹೇಳ್ಲಿ? ನಿಮ್ಮ ಕೈ ಹೋಯ್ತು ಅಂತಲಾ? ಈ ಕೆಲಸ ಬಿಟ್ಟರೆ ಆ ಮನುಷ್ಯನಿಗೆ ಬೇರೇನಿದೆ? ನಿನಗೆ ಧೈರ್ಯ ಇದ್ರೆ ನೀನೇ ಹೇಳು." ನನಗೂ ಧೈರ್ಯ ಇರಲಿಲ್ಲ. ಚೀಲ ಎತ್ತಿಕೊಂಡು ಹೊರಡುತ್ತಿದ್ದೆ.

ಕೊನೆಗೆ ಅಪ್ಪ ಮೆಟ್ಟಿಲು ತಪ್ಪಿ ಬಿದ್ದರು. ಮೊಣಕೈ ತರಚಿದ್ದಷ್ಟೇ, ಆದರೆ ಅದೇ ನೆಪ ಸಾಕಾಯಿತು. ನಾನು ಎಳೆದುಕೊಂಡೇ ಆಸ್ಪತ್ರೆಗೆ ಹೋದೆ, ಅಮ್ಮನೂ ಬಂದಳು.

ಕಣ್ಣಿನ ಡಾಕ್ಟರಮ್ಮ ನನ್ನ ವಯಸ್ಸಿನವಳೇ, ಮಾತು ಕಡಿಮೆ, ಕೈ ಬೆಚ್ಚಗೆ. ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲವಾದ ಮೇಲೆ ಯಂತ್ರದಲ್ಲಿ ಇಣುಕಿ ನೋಡಿದಳು. "ಸೂಜಿ ಕೆಲಸದಿಂದಲೇ ಬಂತಾ ಡಾಕ್ಟ್ರೇ?" ಎಂದು ಅಮ್ಮ ಕೇಳಿದಳು.

"ಇಲ್ಲಮ್ಮ, ಕೆಲಸದಿಂದ ಬರಲ್ಲ. ಕಣ್ಣೊಳಗೆ ಒಂದು ಲೆನ್ಸ್ ಇರುತ್ತೆ, ಹುಟ್ಟಿದಾಗ ತಿಳಿನೀರಿನ ಹಾಗೆ. ವಯಸ್ಸಾಗ್ತಾ ಅದು ಮಬ್ಬಾಗುತ್ತೆ. ಬಿಸಿಲು, ಸಿಗರೇಟು, ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಔಷಧಿ ತುಂಬ ದಿನ ತಗೊಂಡಿದ್ದು, ಕಣ್ಣಿಗೆ ಬಿದ್ದ ಪೆಟ್ಟು, ಇವೆಲ್ಲ ಬೇಗ ತರಿಸುತ್ತವೆ. ಇವರ ಹಾಗೆ ದೊಡ್ಡ ಮೈನಸ್ ನಂಬರ್ ಇರೋರಿಗೂ ಸ್ವಲ್ಪ ಬೇಗ. ಹುಟ್ಟುತ್ತಲೇ ಪೊರೆ ಇರೋ ಮಕ್ಕಳೂ ಇದಾರೆ."

"ಎಲ್ಲರದ್ದೂ ಒಂದೇ ಥರಾನಾ?" ಇದು ಅಪ್ಪ. ಬಟ್ಟೆಯ ತೂತಿನ ಬಗ್ಗೆ ಕೇಳುವ ದನಿಯಲ್ಲೇ ಕೇಳಿದರು.

"ಇಲ್ಲ. ಕೆಲವರಿಗೆ ಅಂಚಿನಿಂದ ಕಡ್ಡಿಕಡ್ಡಿಯಾಗಿ ಒಳಗೆ ಬರುತ್ತೆ. ಕೆಲವರಿಗೆ ಲೆನ್ಸಿನ ಬೆನ್ನಿಗೆ ಅಂಟಿಕೊಂಡು ಬರುತ್ತೆ, ಅದು ಬೇಗ ಬೆಳೆಯುತ್ತೆ, ಬಿಸಿಲಲ್ಲಿ ಏನೂ ಕಾಣಲ್ಲ. ನಿಮ್ಮದು ನಡುವಿನ ತಿರುಳೇ ಗಟ್ಟಿಯಾಗಿದೆ. ಮೊದಲು ಹಳದಿ ಇತ್ತು, ಈಗ ಕಂದು. ಅದಕ್ಕೇ ಕನ್ನಡಕದ ನಂಬರ್ ಏರ್ತಾ ಹೋಗಿದ್ದು, ನೀಲಿ ಕಪ್ಪು ಒಂದೇ ಥರ ಕಂಡಿದ್ದು."

ನೂಲಿನ ಅಂಗಡಿಯವನ ನೆನಪಾಗಿರಬೇಕು, ಅಪ್ಪ ಕೆಮ್ಮಿದರು. "ಹನಿ ಹಾಕಿದ್ರೆ ಕರಗಲ್ವಾ?"

"ಯಾವ ಹನಿಗೂ ಕರಗಲ್ಲ. ಮಬ್ಬಾದದ್ದನ್ನ ತೆಗೀಬೇಕು, ಅದರ ಚೀಲದಲ್ಲೇ ಹೊಸ ಲೆನ್ಸ್ ಇಡಬೇಕು. ಮೊದಲು ಒಂದು ಕಣ್ಣು, ಕೆಲವು ವಾರ ಬಿಟ್ಟು ಇನ್ನೊಂದು." ಆಮೇಲೆ ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಒಂದು ವಿಷಯ ನೀವೇ ತೀರ್ಮಾನ ಮಾಡಬೇಕು. ಹೊಸ ಲೆನ್ಸ್ ದೂರಕ್ಕೆ ಹೊಂದಿಸಿದರೆ ಬರಿಗಣ್ಣಿಗೆ ದೂರ ಚೆನ್ನಾಗಿ ಕಾಣುತ್ತೆ, ಹತ್ತಿರಕ್ಕೆ ಕನ್ನಡಕ ಬೇಕು. ಹತ್ತಿರಕ್ಕೆ ಹೊಂದಿಸಿದರೆ ಅದರ ಉಲ್ಟಾ. ಸಾಮಾನ್ಯವಾಗಿ ಎಲ್ಲರೂ ದೂರ ಅಂತಾರೆ. ಆದರೆ ನೀವು ಜೀವನವೆಲ್ಲ ಬರಿಗಣ್ಣಲ್ಲಿ ಹತ್ತಿರದ ಕೆಲಸ ಮಾಡಿದವರು. ಯೋಚನೆ ಮಾಡಿ ಹೇಳಿ."

ಅಪ್ಪ ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು. "ದೂರಕ್ಕೇ ಇಡಿ."

"ಅಮ್ಮ!"

"ಸಾಕು ಬಿಡೇ ಬುಗುರಿ. ಇಷ್ಟು ವರ್ಷ ಮೂಗಿನ ತುದಿ ನೋಡಿದ್ದು ಸಾಕು. ಇನ್ಮೇಲಾದ್ರೂ ಬೀದಿ, ಜನ, ಆಕಾಶ ನೋಡಲಿ." ಅವಳ ದನಿಯಲ್ಲಿ ಪ್ರೀತಿಯೇ ಇತ್ತು. ಅಪ್ಪನಿಗೂ ಆಸೆಯಾಯಿತು. ಬಸ್ಸಿನ ನಂಬರು ಕಾಣುತ್ತಾ, ಎದುರು ಮನೆಯ ಗಡಿಯಾರ ಕಾಣುತ್ತಾ ಎಂದೆಲ್ಲ ಕೇಳಿ, ಸರಿ ದೂರಕ್ಕೇ ಇರಲಿ ಎಂದರು.

ಕಾರಿಡಾರಿಗೆ ಬಂದ ಮೇಲೆ ನಾನು ಅಮ್ಮನ ಮುಖ ನೋಡಿದೆ. ಅವಳು ಬೇರೆ ಕಡೆ ನೋಡಿದಳು. ನನಗೆ ಆಗ ಹೊಳೆಯಿತು. ದೂರಕ್ಕೆ ಇಟ್ಟರೆ ಬಟ್ಟೆಯ ಎಳೆ ಮತ್ತೆ ಅವರ ಬರಿಗಣ್ಣಿಗೆ ಸಿಗುವುದಿಲ್ಲ. ಕೆಲಸ ತಾನಾಗಿಯೇ ನಿಲ್ಲುತ್ತದೆ, ಬಿಚ್ಚಿದ ರಫೂಗಳ ಲೆಕ್ಕ ಯಾರಿಗೂ ಗೊತ್ತಾಗದೆ ಮುಚ್ಚಿಹೋಗುತ್ತದೆ. ನನಗೆ ಅಳುವೂ ಬಂತು, ಅವಳ ಮೇಲೆ ಸಿಟ್ಟೂ ಬಂತು. ನೀರು ತರುತ್ತೇನೆ ಎಂದು ಸುಳ್ಳು ಹೇಳಿ ಮೂರು ಮಹಡಿ ಹತ್ತಿ ಇಳಿದೆ.

ಬಲಗಣ್ಣಿನ ಆಪರೇಷನ್ ಸುಲಭವಾಗಿ ಆಯಿತು. ಕಣ್ಣಿಗೆ ಹನಿ ಹಾಕಿ ಜೋಮು ಹಿಡಿಸಿದರು, ಅಕ್ಕಿಕಾಳಿಗಿಂತ ಸಣ್ಣ ಸೀಳು, ಅದರೊಳಗಿಂದ ಸಣ್ಣ ಕಡ್ಡಿ ಬಿಟ್ಟು ಗಟ್ಟಿಯಾದ ತಿರುಳನ್ನು ಪುಡಿ ಮಾಡಿ ಹೀರಿಕೊಂಡರು, ಮಡಿಸಿದ ಲೆನ್ಸನ್ನು ಒಳಗೆ ಬಿಡಿಸಿದರು. ಹೊಲಿಗೆ ಹಾಕಲಿಲ್ಲವಂತೆ. ಅಪ್ಪನಿಗೆ ಅದೊಂದೇ ಬೇಸರ. "ಹೊಲಿಗೆ ಹಾಕದೆ ಮುಚ್ಚೋದು ಅಂದ್ರೆ ಏನು? ಅದೆಂಥ ಕೆಲಸ?" ಎಂದು ಪಟ್ಟಿ ಕಟ್ಟಿಕೊಂಡೇ ಗೊಣಗಿದರು.

ಪಟ್ಟಿ ಬಿಚ್ಚಿದ ಮೇಲೆ ಅವರನ್ನು ಹಿಡಿಯಲು ಆಗಲಿಲ್ಲ. ಅಂಗಡಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದರು. ಎದುರು ಮನೆಯ ಗಡಿಯಾರ ನಿಂತೇ ಹೋಗಿದೆ ಎಂದು ಕಂಡುಹಿಡಿದು, ಹೋಗಿ ಅವರಿಗೆ ಹೇಳಿಯೂ ಬಂದರು. ಬಲಗಣ್ಣು ಮುಚ್ಚಿದರೆ ಎಲ್ಲ ಚಹಾದ ಬಣ್ಣ, ಎಡಗಣ್ಣು ಮುಚ್ಚಿದರೆ ಎಲ್ಲ ಹಾಲಿನ ಹಾಗೆ ಬೆಳ್ಳಗೆ. ದಿನಕ್ಕೆ ನೂರು ಸಲ ಆ ಕಣ್ಣು ಈ ಕಣ್ಣು ಮುಚ್ಚಿ ನೋಡುವುದೇ ಕೆಲಸವಾಯಿತು. ಆದರೆ ಎರಡೂ ತೆರೆದರೆ ತಲೆ ಚಿಟ್ಟು ಹಿಡಿಯುತ್ತಿತ್ತು. ಹಳೆಯ ಕನ್ನಡಕ ಬಲಗಣ್ಣಿಗೆ ಬೇಡ, ಎಡಗಣ್ಣಿಗೆ ಬೇಕು. ಹಾಕಿಕೊಂಡರೆ ನೆಲ ಓಲಾಡುತ್ತದೆ, ತೆಗೆದರೆ ಅರ್ಧ ಪ್ರಪಂಚ ಮಬ್ಬು. ಎದ್ದು ಕೂರುವುದು, ಕೂತು ಏಳುವುದು, ಒಟ್ಟಿನಲ್ಲಿ ಮನೆಯಲ್ಲಿ ಇಬ್ಬರು ಬುಗುರಿಗಳಾದೆವು.

ಅಷ್ಟರಲ್ಲಿ ವಕೀಲರು ಬಂದರು. ಕಪ್ಪು ಕೋಟಿನ ತೋಳಿಗೆ ಬಾಗಿಲ ಚಿಲಕ ಸಿಕ್ಕಿಹಾಕಿಕೊಂಡು ಹರಿದಿತ್ತು, ಸಂಜೆಯೊಳಗೆ ಬೇಕಿತ್ತು. ಕಣ್ಣಿನ ವಿಷಯ ಹೇಳಿ ಕಳಿಸೋಣ ಎನ್ನುವಷ್ಟರಲ್ಲಿ ಅಪ್ಪ ಕೋಟು ಕಿತ್ತುಕೊಂಡರು. "ಎಡಗಣ್ಣು ಇದೆಯಲ್ಲ ಇನ್ನೂ! ಅದು ಹತ್ತಿರದ ಕಣ್ಣು." ಬಲಗಣ್ಣಿಗೆ ಕರವಸ್ತ್ರ ಕಟ್ಟಿಕೊಂಡು, ಪೊರೆ ತುಂಬಿದ ಎಡಗಣ್ಣಿಗೆ ಬಟ್ಟೆ ಹಿಡಿದು ಕೂತರು. ತೋಳಿನ ಮಡಿಕೆಯಲ್ಲಿ ಎಳೆ ಸಾಲದೆ ಡಬ್ಬಿಯಿಂದ ನೂಲು ತೆಗೆದರು. ಕಪ್ಪು ಎಂದು ತೆಗೆದದ್ದು ಕಡುನೀಲಿ. ನಾನು ಬಾಯಿ ಬಿಡುವುದರೊಳಗೆ ಅಮ್ಮ ಕೆನ್ನೆ ತಟ್ಟಿಕೊಂಡಳು.

ಮುಗಿಸಿ ಅಮ್ಮನ ಕೈಗೆ ಕೊಟ್ಟು ಅಪ್ಪ ಕಿಟಕಿಯ ಕಡೆ ಹೋದರು. ಅಮ್ಮ ಇಸ್ತ್ರಿ ಎಳೆದು ಕೋಟನ್ನು ಬೆಳಕಿಗೆ ಹಿಡಿದಳು. "ಕಾಣೋದೇ ಇಲ್ಲ ರೀ!" ಅವಳ ಬೆರಳು ಕತ್ತರಿ ಆಡಿದವು, ಹೆಬ್ಬೆರಳು ಸೇತುವೆಯ ಕಡೆ ಹೋಯಿತು. ಯೋಚಿಸಿ ಮಾಡಿದ್ದಲ್ಲ, ಕೈಗೆ ಅಷ್ಟು ರೂಢಿಯಾಗಿತ್ತು. ನಾನು ಅಪ್ಪನ ಕಡೆ ನೋಡಿದೆ. ಕರವಸ್ತ್ರ ಅವರ ಕುತ್ತಿಗೆಗೆ ಇಳಿದಿತ್ತು. ಹೊಸ ಕಣ್ಣು ನೇರ ಅಮ್ಮನ ಕೈಯ ಮೇಲಿತ್ತು.

"ಕೈಗೇನಾಯ್ತು?" ಎಂದರು.

"ಏನಿಲ್ಲ. ಬೆರಳು ಜೋಮು ಹಿಡಿದಿತ್ತು" ಅಂದಳು ಅಮ್ಮ.

ಅಪ್ಪ ಒಳಗೆ ಕೈ ತೊಳೆಯಲು ಹೋದಾಗ ನಾನು ಅಮ್ಮನ ಕಿವಿಗೆ ಬಾಯಿಟ್ಟೆ. "ಅವರಿಗೆ ಈಗ ಕಾಣುತ್ತೆ ಅಮ್ಮ. ನಾವು ಮಾಡೋದೆಲ್ಲ ಕಾಣುತ್ತೆ." ಅವಳು ಆಗಲೇ ಸೂಜಿಯಲ್ಲಿ ಎಳೆ ಬಿಚ್ಚುತ್ತಿದ್ದಳು. "ಬೇಗ ಹೋಗಿ ಬಾ. ವಕೀಲರು ಸಂಜೆಗೆ ಬರ್ತಾರೆ" ಎಂದಳು. ನಾನು ಕೋಟನ್ನು ಚೀಲಕ್ಕೆ ತುರುಕಿ, ಅಪ್ಪನಿಗೆ ಕೇಳಿಸಲಿ ಎಂದು ಜೋರಾಗಿ "ವಕೀಲರ ಮನೆಗೇ ಕೊಟ್ಟು ಬರ್ತೀನಿ" ಎಂದು ಕೂಗಿ ಹೊರಬಿದ್ದೆ.

ನಮ್ಮ ಬೀದಿ ಗೆರೆ ಎಳೆದ ಹಾಗೆ ನೇರ. ವಕೀಲರ ಮನೆಗೆ ಅಂಚೆ ಕಚೇರಿಯ ಹತ್ತಿರ ಎಡಕ್ಕೆ ತಿರುಗಬೇಕು. ತಿರುಗದೆ ಹೋದರೆ ಸೇತುವೆ. ಇಷ್ಟು ದಿನ ಬಾಗಿಲಲ್ಲಿ ನಿಂತ ಅಪ್ಪನಿಗೆ, ಕನ್ನಡಕ ಇದ್ದರೂ, ನಾನು ಪಕ್ಕದ ಬೇಕರಿ ದಾಟಿದರೆ ಮಾಯ. ಅದೇ ಧೈರ್ಯದಲ್ಲಿ ಬಿರಬಿರನೆ ನಡೆದು, ಅಂಚೆ ಕಚೇರಿ ದಾಟಿ, ಸೇತುವೆ ಏರಿದೆ. ಏರಿದ ಮೇಲೆ ಯಾಕೋ ಬೆನ್ನು ಚುರುಗುಟ್ಟಿತು. ತಿರುಗಿ ನೋಡಿದೆ.

ಅಪ್ಪ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದರು. ಅಷ್ಟು ದೂರದಿಂದ ಅವರ ಬಿಳಿ ತಲೆ, ನೇರವಾಗಿ ನನ್ನತ್ತ ತಿರುಗಿದ ಮುಖ ಅಷ್ಟೇ ಕಾಣುತ್ತಿತ್ತು. ಕೈ ಬೀಸಲಿಲ್ಲ, ಕೂಗಲಿಲ್ಲ. ಮುಂದೆ ಹೋದರೂ ಅವರಿಗೆ ಕಾಣುತ್ತದೆ, ಹಿಂದೆ ಬಂದರೂ ಕಾಣುತ್ತದೆ. ಪಕ್ಕದಲ್ಲಿ ಬಸ್ಸು, ಸೈಕಲ್ಲು, ಜನ. ನನ್ನ ಜನ್ಮದಲ್ಲಿ ಮೊದಲ ಸಲ ಕಾಲು ಎತ್ತಿಡಲು ಆಗದೆ ನಿಂತಲ್ಲೇ ನಿಂತೆ. ಆಮೇಲೆ ಚೀಲ ಎದೆಗೆ ಅವಚಿಕೊಂಡು ವಾಪಸ್ಸು ಬಂದೆ. ಆ ದಾರಿ ಮುಗಿಯಲೇ ಇಲ್ಲ ಅನ್ನಿಸಿತು.

ಅಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ಎಡಚ ಚೆನ್ನಾಗಿದಾನಾ?" ಎಂದು ಕೇಳಿದರು.

ನಾನು ಚೀಲ ಹಿಡಿದುಕೊಂಡೇ ಒಳಗೆ ನುಗ್ಗಿದೆ. ಅವರು ಒಳಗೆ ಬಂದು ಅಮ್ಮನ ಎದುರು ನಿಂತರು.

"ಯಾವಾಗಿನಿಂದ?"

"ಹೋದ ಚಳಿಗಾಲದಿಂದ" ಎಂದಳು ಅಮ್ಮ. ಬಟ್ಟೆಯಿಲ್ಲದ ಬರೀ ಮೇಜಿನ ಮೇಲೆ ಇಸ್ತ್ರಿ ಎಳೆಯುತ್ತಿದ್ದಳು.

"ಅಂದ್ರೆ ಆ ಟೀಚರಮ್ಮ ಹೊಗಳಿದ್ದು, ಮದುವೆ ಬ್ಯಾಂಡಿನವರು ತಮ್ಮ ಕೋಟು ನೋಡಿ ಕೈ ಕುಲುಕಿದ್ದು, ಎಲ್ಲ ಅವನ ಕೈಗೆ." ಕೋಪ ಬರುತ್ತದೆ ಎಂದು ಕಾದೆ. ಬರಲಿಲ್ಲ. ಅದಕ್ಕೇ ನನಗೆ ಭಯವಾಯಿತು. "ಹೋಗ್ಲಿ. ನನ್ನದು ಅಂತ ಹೊರಗೆ ಹೋದದ್ದರಲ್ಲಿ ಕೊನೇದು ಯಾವುದು? ಅದೊಂದು ಹೇಳು."

ಅಮ್ಮ ಇಸ್ತ್ರಿ ಪಕ್ಕಕ್ಕಿಟ್ಟಳು. "ಗೊತ್ತಿಲ್ಲ ರೀ."

"ಗೊತ್ತಿಲ್ಲ ಅಂದ್ರೆ?"

"ಮೊದಮೊದಲು ನೋಡಿ, ಕೆಟ್ಟದ್ದನ್ನ ಮಾತ್ರ ಬಿಚ್ತಿದ್ದೆ. ಆಮೇಲೆ ನೋಡೋಕೇ ಭಯ ಆಯ್ತು. ನೋಡದೇ ಬಿಚ್ಚಿದೆ."

"ಚೆನ್ನಾಗಿದ್ದದ್ದನ್ನೂ?"

"ಬಿಚ್ಚಿರಬಹುದು."

ಅಪ್ಪ ಹೋಗಿ ಕಿಟಕಿಯ ಪಕ್ಕದ ದೀಪ ಆರಿಸಿದರು. ನೂಲಿನ ಡಬ್ಬಿಗಳನ್ನು ಕಪಾಟಿಗೆ ಸೇರಿಸಿದರು. ವಕೀಲರಿಗೆ ನಾನೇ ಏನೋ ಸಬೂಬು ಹೇಳಿ, ಹರಿದ ಕೋಟನ್ನು ಹಾಗೇ ವಾಪಸ್ಸು ಕೊಟ್ಟು ಕಳಿಸಿದೆ.

ಆಮೇಲಿನ ದಿನಗಳೂ ಹಾಗೇ ಕಳೆದವು. ಅಪ್ಪ ಊಟಕ್ಕೆ ಬರುತ್ತಿದ್ದರು, ಹನಿ ಹಾಕಿಸಿಕೊಳ್ಳಲು ತಲೆ ಹಿಂದಕ್ಕೆ ಒರಗಿಸುತ್ತಿದ್ದರು, ಅಮ್ಮ ಹನಿ ಹಾಕುತ್ತಿದ್ದಳು. ಮಾತಿಲ್ಲ. ಅಮ್ಮ ಏನಾದರೂ ಮಾತು ತೆಗೆದರೆ ಅವರು ಹೊಸ ಕಣ್ಣಲ್ಲಿ ಅವಳ ಬಾಯಿ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಅವಳು ಕೈಗಳನ್ನು ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ನಾನು ಅವರಿಬ್ಬರ ನಡುವೆ ಸುತ್ತಿದೆ, ಪಾತ್ರೆ ಬೀಳಿಸಿದೆ, ಬೇಡದ ಜೋಕು ಹೇಳಿದೆ. ಮನೆಗೆ ಹೋದರೆ ಗಂಡನ ಮೇಲೆ ರೇಗಿದೆ. ಅಪ್ಪ ಮತ್ತೆ ಸೂಜಿ ಹಿಡಿಯುತ್ತಾರೋ ಇಲ್ಲವೋ ಎನ್ನುವುದೊಂದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಎಡಗಣ್ಣಿನ ಲೆನ್ಸಿಗೆ ಅವರು ಏನು ಹೇಳುತ್ತಾರೋ ಅದೇ ಉತ್ತರ.

ಎಡಗಣ್ಣಿನ ದಿನ ಬಂತು. ಡಾಕ್ಟರಮ್ಮ ಅದೇ ಪ್ರಶ್ನೆ ಕೇಳಿದಳು. "ಒಂದು ಕಣ್ಣು ದೂರಕ್ಕೆ ಆಗಿದೆ. ಇದನ್ನೂ ದೂರಕ್ಕೇ ಇಟ್ಟರೆ ಎರಡೂ ಸಮ, ನೆಮ್ಮದಿ. ಬೇಕಾದರೆ ಇದನ್ನ ಸ್ವಲ್ಪ ಹತ್ತಿರಕ್ಕೆ ಇಡಬಹುದು. ಆದರೆ ಮೊದಲಿನ ಹಾಗೆ ಮೂಗಿನ ಹತ್ತಿರ ಅಲ್ಲ, ಮೊಳಕ್ಕಿಂತ ಸ್ವಲ್ಪ ಕಡಿಮೆ ದೂರದಲ್ಲಿ ಕಾಣುತ್ತೆ. ಎಳೆಗಳು ಮೊದಲಿನಷ್ಟು ದೊಡ್ಡದಾಗಿ ಕಾಣಲ್ಲ. ಒಂದೊಂದು ಕಣ್ಣು ಒಂದೊಂದು ಥರ ಇದ್ದರೆ ಕೆಲವರಿಗೆ ಒಗ್ಗುತ್ತೆ, ಕೆಲವರಿಗೆ ಒಗ್ಗಲ್ಲ."

ಕೋಣೆಯ ಆ ತುದಿಯಲ್ಲಿ ನಿಂತಿದ್ದ ಅಮ್ಮ ನನ್ನ ಕಡೆ ನೋಡಿ, ಅಂಗೈಯನ್ನು ಮೂಗಿನ ಹತ್ತಿರ ತಂದಳು. ಹತ್ತಿರಕ್ಕೆ ಅಂತ ಹೇಳು, ನೀನು ಹೇಳು.

"ಬಾಯಲ್ಲಿ ಹೇಳು" ಎಂದರು ಅಪ್ಪ. ಅಷ್ಟು ದಿನಗಳ ಮೇಲೆ ಅವಳೊಂದಿಗೆ ಆಡಿದ ಮೊದಲ ಮಾತು ಅದು.

ಅಮ್ಮ ಕೈ ಇಳಿಸಿದಳು. ನರ್ಸು, ಡಾಕ್ಟರಮ್ಮ, ಬಾಗಿಲಲ್ಲಿ ಸರದಿಗೆ ಕಾದವರು, ಎಲ್ಲರೂ ಅವಳನ್ನೇ ನೋಡಿದರು. ಅವಳು ಅಪ್ಪನ ಎದುರಿಗೆ ಬಂದು ನಿಂತಳು. "ಹೋದ ಸಲ ನಾನು ದೂರಕ್ಕೆ ಅಂದದ್ದು ನನ್ನ ಭಯಕ್ಕೆ. ನಿಮಗೋಸ್ಕರ ಅಲ್ಲ. ಈ ಸಲ ಹತ್ತಿರಕ್ಕೆ ಇಡಿಸ್ಕೊಳ್ಳಿ. ಕೈ ಉಳಿದಿದೆಯೋ ಹೋಗಿದೆಯೋ, ನೀವೇ ನೋಡಿ."

"ಹೋಗಿದ್ರೆ?"

"ಹೋಗಿದ್ರೆ ಹೋಗಿದೆ ಅಂತ ಹೇಳ್ತೀನಿ."

ಅಪ್ಪ ಡಾಕ್ಟರಮ್ಮನ ಕಡೆ ತಿರುಗಿ, "ಹತ್ತಿರಕ್ಕೇ ಇಡಿ" ಎಂದರು.

ಎಡಗಣ್ಣೂ ವಾಸಿಯಾಯಿತು, ಆದರೆ ಅಪ್ಪನ ಹಳೆಯ ರೂಢಿ ಹೋಗಲಿಲ್ಲ. ಕೆಲಸಕ್ಕೆ ಕೂತರೆ ಬಟ್ಟೆ ತಾನಾಗಿಯೇ ಮೂಗಿಗೆ ಹೋಗುತ್ತಿತ್ತು, ಅಲ್ಲಿ ಎಲ್ಲ ಮಸುಕು. ಬೈದುಕೊಂಡು ಕೆಳಗಿಳಿಸುತ್ತಿದ್ದರು. ಇಲ್ಲದ ಕನ್ನಡಕವನ್ನು ಹಣೆಗೇರಿಸಲು ಕೈ ಎತ್ತುತ್ತಿದ್ದರು. ಮೇಜನ್ನು ಎತ್ತರಿಸಿದರು, ಕುರ್ಚಿ ಬದಲಾಯಿಸಿದರು, ತಲೆನೋವು ಎಂದು ಎದ್ದು ಹೋಗಿ ಮತ್ತೆ ಬಂದು ಕೂತರು. ಗಿರಾಕಿಯ ಬಟ್ಟೆ ಮುಟ್ಟುವುದಿಲ್ಲ ಎಂದು ಹಟ. ಕಿಡಿ ಬಿದ್ದು ತೂತಾದ ತನ್ನ ಕೋಟನ್ನು ನನ್ನ ಗಂಡನೇ ತಂದುಕೊಟ್ಟ. "ಕೆಟ್ಟರೂ ನನಗೇ ಲಾಭ ಮಾವ, ಹೊಸದು ಹೊಲಿಸ್ಕೋತೀನಿ" ಎಂದ. ಅಪ್ಪ ನಗಲಿಲ್ಲ. ಒಂದು ಕಾಸಿನಗಲದ ತೂತಿಗೆ ಮೂರು ದಿನ ತೆಗೆದುಕೊಂಡರು.

ಮುಗಿಸಿದ ದಿನ ಕೋಟನ್ನು ಅವರೇ ಇಸ್ತ್ರಿ ಮೇಜಿಗೆ ತಂದು ಅಮ್ಮನ ಮುಂದೆ ಹಿಡಿದರು. ಹಿಂದಕ್ಕೆ ಹೋಗಲಿಲ್ಲ, ಅಲ್ಲೇ ನಿಂತರು. ಅಮ್ಮ ಇಸ್ತ್ರಿ ಹಾಕಿದಳು, ಬೆಳಕಿಗೆ ಹಿಡಿದಳು, ತಿರುಗಿಸಿ ಹಿಡಿದಳು. ನಾನು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಕಾಣೋದೇ ಇಲ್ಲ ಅಂತ ಹೇಳಿಬಿಡು ಅಮ್ಮ ಎಂದು ಮನಸ್ಸು ಬೇಡಿಕೊಂಡಿತು. ಬೇಡ, ಹೇಳಬೇಡ ಎಂದೂ ಅದೇ ಮನಸ್ಸು ಬೇಡಿಕೊಂಡಿತು.

"ಕಾಣ್ತಿದೆ ರೀ" ಎಂದಳು ಅಮ್ಮ.

"ಎಲ್ಲಿ?"

"ಇಲ್ಲಿ, ಎಡ ಮೂಲೆ. ಎರಡು ಎಳೆ ಬಿಗಿ ಜಾಸ್ತಿ ಆಗಿದೆ. ಮಿಕ್ಕಿದ್ದು ಕಾಣಲ್ಲ."

ಅಪ್ಪ ಕೋಟನ್ನು ತೋಳುದ್ದ ಹಿಡಿದು, ಸ್ವಲ್ಪ ಹತ್ತಿರ ತಂದು, ಇನ್ನೂ ಸ್ವಲ್ಪ ತಂದು, ಸರಿಯಾದ ದೂರ ಸಿಕ್ಕಾಗ ನಿಲ್ಲಿಸಿದರು. ತುಂಬ ಹೊತ್ತು ನೋಡಿದರು.

"ಹೌದು" ಎಂದರು. "ಎರಡಲ್ಲ, ಮೂರು ಎಳೆ."

ಕೋಟನ್ನು ಅಮ್ಮನ ಕೈಗೆ ವಾಪಸ್ಸು ಕೊಟ್ಟು, ಕಿಟಕಿಯ ಪಕ್ಕದ ತಮ್ಮ ಕುರ್ಚಿಯ ಬಳಿಗೆ ಇನ್ನೊಂದು ಕುರ್ಚಿ ಎಳೆದರು.

"ಬಾ, ಇಲ್ಲಿ ಕೂತು ಬಿಚ್ಚು. ನಿನ್ನಷ್ಟು ಚೆನ್ನಾಗಿ ಬಿಚ್ಚೋರು ಈ ಊರಲ್ಲಿ ಬೇರೆ ಯಾರಿದಾರೆ?"

ಅಮ್ಮನ ಮುಖ ಅಳುವಿಗೂ ನಗುವಿಗೂ ನಡುವೆ ಸಿಕ್ಕಿಕೊಂಡಿತು. ಸೂಜಿ ತೆಗೆದುಕೊಂಡು ಅವರ ಪಕ್ಕದಲ್ಲಿ ಕೂತಳು, ಅವರು ನೋಡುತ್ತಿದ್ದಂತೆಯೇ ಮೊದಲ ಎಳೆ ಎತ್ತಿದಳು.